ಮನೆಯಿಂದ ಕೆಲಸ: ಮಾತಿಗೆ ಬಾರದ ನಿರೀಕ್ಷೆಗಳು

ಉದ್ಯೋಗ ಸಮಾಲೋಚನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಿಂದ ಮಾಡುವ ಕೆಲಸದ ಕುರಿತೇ ಇದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ದೀರ್ಘ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ. ಬರೆದವರ ಹೆಸರನ್ನೂ ಅವರು ದುಡಿಯುವ ಕಂಪನಿಗಳ ಹೆಸರನ್ನೂ ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ನೌಕರ. 2020ರ ಮಾರ್ಚ್‌ನಲ್ಲಿ ಶಿರಸಿ ಸಮೀಪದ ನಮ್ಮ ಊರಿಗೆ ಬಂದವನು ಅಂದಿನಿಂದ ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ‘ಕೆಲಸ ನಡೆದರೆ ಸಾಕು, ನೀವು ಅಲ್ಲೇ ಇರಿ’ ಎಂದು ಆಗಿನ ಮ್ಯಾನೇಜರ್ ಹೇಳಿದ್ದರು. ಅದನ್ನು ನಂಬಿ ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಿದೆ, ಇನ್ವರ್ಟರ್ ಹಾಕಿಸಿದೆ, ಎರಡು ಕಡೆಯಿಂದ ಇಂಟರ್ನೆಟ್ ಸಂಪರ್ಕ ಪಡೆದೆ. ಅವರು ಕಂಪನಿ ಬಿಟ್ಟಿದ್ದಾರೆ. ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕೆಂಬ ಮೇಲ್ ಬಂದಿದೆ. ತಂದೆ ತಾಯಿಗೆ ವಯಸ್ಸಾಗಿದೆ, ಅಡಿಕೆ ತೋಟ ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಕಂಪನಿ ಹೀಗೆ ಮಾಡಬಹುದೇ? ರಾಜೀನಾಮೆ ಕೊಡುವುದೇ ಸರಿಯೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮಾನ್ಯರೇ, ಕಾನೂನಿನ ಉತ್ತರ ಚಿಕ್ಕದು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳ ಬೆಂಗಳೂರು ಎಂದಿದ್ದು, ಆನಂತರ ಅದನ್ನು ಬದಲಿಸುವ ಯಾವ ಪತ್ರವೂ ನಿಮ್ಮ ಕೈಸೇರಿಲ್ಲವಾದರೆ, ನಿಮ್ಮನ್ನು ಕಚೇರಿಗೆ ಕರೆಯುವ ಅಧಿಕಾರ ಕಂಪನಿಗೆ ಇದೆ. ಖಾಸಗಿ ವಲಯದ ನೌಕರನಿಗೆ ಮನೆಯಿಂದ ದುಡಿಯುವ ಹಕ್ಕನ್ನು ಸಾರ್ವತ್ರಿಕವಾಗಿ ಕೊಡುವ ಕಾಯ್ದೆ ನಮ್ಮಲ್ಲಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯವು 2020ರ ಕೊನೆಯಲ್ಲಿ ಸೇವಾ ವಲಯಕ್ಕೆಂದು ಹೊರಡಿಸಿದ ಮಾದರಿ ಸ್ಥಾಯಿ ಆದೇಶಗಳ (ಕೆಲಸದ ಷರತ್ತುಗಳನ್ನು ನಿಗದಿಪಡಿಸುವ ನಿಯಮಗಳ) ಕರಡಿನಲ್ಲಿ ಮನೆಯಿಂದ ಕೆಲಸದ ಪ್ರಸ್ತಾಪ ಇತ್ತಾದರೂ, ಅಲ್ಲಿಯೂ ಅದು ನೇಮಕಾತಿಯ ಷರತ್ತಿಗೆ ಅಥವಾ ಪರಸ್ಪರ ಒಪ್ಪಂದಕ್ಕೆ ಒಳಪಟ್ಟು ಮಾಲೀಕರು ಅನುಮತಿಸಬಹುದಾದ ಒಂದು ಸೌಲಭ್ಯವಾಗಿತ್ತು, ಅಷ್ಟೆ.

ನಿಮ್ಮ ಪತ್ರ ಓದುವಾಗ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಆ ಕೋಣೆಯ ಸಂಗತಿ. ಒಬ್ಬ ಅಧಿಕಾರಿಯ ಬಾಯಿಮಾತನ್ನು ನಂಬಿ ನೀವು ಗೋಡೆ ಎಬ್ಬಿಸಿದಿರಿ. ಆ ಅಧಿಕಾರಿ ಹೊರಟುಹೋದ ದಿನ ಮಾತೂ ಅವರೊಂದಿಗೆ ಹೊರಟುಹೋಯಿತು. ಕಂಪನಿಯ ಕಡತದಲ್ಲಿ ನೀವು ಇಂದಿಗೂ ಬೆಂಗಳೂರಿನ ನೌಕರರೇ. ಹೀಗಾದದ್ದಕ್ಕೆ ನಿಮ್ಮೊಬ್ಬರ ಕಂಪನಿಯನ್ನು ದೂರಿ ಫಲವಿಲ್ಲ, ಏಕೆಂದರೆ ಈ ವ್ಯವಸ್ಥೆ ಹುಟ್ಟಿದ್ದೇ ತುರ್ತಿನಲ್ಲಿ, ಮತ್ತು ಅದನ್ನು ನಡೆಸಿದವರಿಗೂ ಅದರ ಆಯುಸ್ಸು ಎಷ್ಟೆಂದು ತಿಳಿದಿರಲಿಲ್ಲ. ಟಿಸಿಎಸ್ 2020ರಲ್ಲಿ, 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ 25ರಷ್ಟು ಜನ ಮಾತ್ರ ಒಂದು ಹೊತ್ತಿಗೆ ಕಚೇರಿಯಲ್ಲಿದ್ದರೆ ಸಾಕು ಎಂದು ಪ್ರಕಟಿಸಿತ್ತು; ಅದೇ ಸಂಸ್ಥೆ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರುವಂತೆ ನೌಕರರಿಗೆ ಸೂಚಿಸಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಕೆಳ ಮತ್ತು ಮಧ್ಯಮ ಹಂತದ ನೌಕರರಿಗೆ ತಿಂಗಳಿಗೆ ಕನಿಷ್ಠ 10 ದಿನಗಳ ಹಾಜರಿಯನ್ನು ಕಡ್ಡಾಯಗೊಳಿಸಿತು. ವಿಶೇಷ ಆರ್ಥಿಕ ವಲಯಗಳಲ್ಲಿರುವ ಕಂಪನಿಗಳಿಗೆಂದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ರೂಪಿಸಿದ ನಿಯಮವೂ ಮೊದಲಿಗೆ ಅರ್ಧದಷ್ಟು ನೌಕರರಿಗೆ, ಗರಿಷ್ಠ ಒಂದು ವರ್ಷಕ್ಕೆ ಮಾತ್ರ ಅವಕಾಶ ನೀಡಿತ್ತು. ಆಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಸಡಿಲಿಸಲಾಯಿತು. ಹೀಗೆ ಸರ್ಕಾರದ ಕಣ್ಣಿನಲ್ಲಿ, ಕಂಪನಿಯ ಕಣ್ಣಿನಲ್ಲಿ ಇದು ಅವಧಿಯುಳ್ಳ ವ್ಯವಸ್ಥೆಯಾಗಿತ್ತು. ನೌಕರರ ಕಣ್ಣಿನಲ್ಲಿ ಮಾತ್ರ ಅದು ಬದುಕಿನ ಭಾಗವಾಗಿ ಬೇರುಬಿಟ್ಟಿತು. ಈ ಅಂತರವನ್ನು ಯಾರೂ ಎದುರು ಕೂತು ಮಾತನಾಡಲಿಲ್ಲ. ಅಷ್ಟು ವರ್ಷ ನಿಮ್ಮಿಂದ ಕೆಲಸ ಪಡೆದು, ನಿಮ್ಮ ಪರಿಸ್ಥಿತಿಯನ್ನು ಒಂದು ಮಾತು ಕೇಳದೆ ಎಲ್ಲರಿಗೂ ಕಳುಹಿಸಿದ ಮೇಲ್‌ನಿಂದ ಕರೆಸಿಕೊಳ್ಳುವುದು ಕಾನೂನಿಗೆ ಸರಿಯಾದರೂ ನಡವಳಿಕೆಗೆ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಮುಂದಿನ ದಾರಿ. ರಾಜೀನಾಮೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಮ್ಯಾನೇಜರ್ ಅವರಿಗೂ ಎಚ್‌ಆರ್ ವಿಭಾಗಕ್ಕೂ ಒಂದೇ ಮೇಲ್ ಬರೆಯಿರಿ. ಅದರಲ್ಲಿ ತೋಟದ ಕಷ್ಟ, ತಂದೆ ತಾಯಿಯರ ಆರೋಗ್ಯ ಒಂದೆರಡು ಸಾಲಿನಲ್ಲಿ ಬಂದರೆ ಸಾಕು. ಉಳಿದದ್ದು ಈ ವರ್ಷಗಳಲ್ಲಿ ನೀವು ಮುಗಿಸಿಕೊಟ್ಟ ಕೆಲಸಗಳ ವಿವರವಾಗಿರಲಿ. ಮುಖ್ಯವಾಗಿ, ಮಲೆನಾಡಿನ ಮಳೆಗಾಲದ ಬಗ್ಗೆ ನೀವಾಗಿಯೇ ಬರೆಯಿರಿ. ಜೂನ್ ತಿಂಗಳಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿದರೆ ಹೆಸ್ಕಾಂನವರು ಬಂದು ಸರಿಪಡಿಸಲು ಎರಡು ದಿನವೂ ಆಗುತ್ತದೆ, ಅಷ್ಟು ಹೊತ್ತು ಇನ್ವರ್ಟರ್ ತಾಳುವುದಿಲ್ಲ, ಕಂಬದ ಮೇಲೆ ಎಳೆದ ಫೈಬರ್ ಕೇಬಲ್ ಅದೇ ಮರದ ಕೆಳಗೆ ಸಿಕ್ಕಿರುತ್ತದೆ. ಇದೆಲ್ಲ ನಿಮ್ಮ ಮ್ಯಾನೇಜರ್‌ಗೆ ಗೊತ್ತಿದೆ, ಆದರೆ ಅವರೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ಅಂತಹ ದಿನಗಳಲ್ಲಿ ಶಿರಸಿ ಪೇಟೆಯಲ್ಲಿ ಕೂತು ಕೆಲಸ ಮಾಡುವ ಏರ್ಪಾಡು ನಿಮಗಿದ್ದರೆ ಅದನ್ನು ತಿಳಿಸಿ. ಕಂಪನಿಯ ಆತಂಕಕ್ಕೆ ನೀವಾಗಿಯೇ ಉತ್ತರ ಕೊಟ್ಟಾಗ ನಿಮ್ಮ ಕೋರಿಕೆಯನ್ನು ತಳ್ಳಿಹಾಕುವುದು ಅವರಿಗೆ ಸುಲಭವಾಗುವುದಿಲ್ಲ.

ವಾರಕ್ಕೆ ಮೂರು ದಿನವೆಂದರೆ ನಿಮಗೆ ಪ್ರತಿ ವಾರವೂ ಎರಡು ರಾತ್ರಿ ಬಸ್ಸಿನಲ್ಲಿ, ಮೇಲಿಂದ ಬೆಂಗಳೂರಿನಲ್ಲಿ ಪಿ.ಜಿ. ಖರ್ಚು. ಅದರ ಬದಲು ತಿಂಗಳಿಗೆ ಒಂದು ಪೂರ್ತಿ ವಾರ ಬೆಂಗಳೂರಿನಲ್ಲಿದ್ದು, ಮುಖಾಮುಖಿ ನಡೆಯಬೇಕಾದ ಕೆಲಸಗಳನ್ನೆಲ್ಲ ಆ ವಾರಕ್ಕೇ ಇಟ್ಟುಕೊಳ್ಳುವ ಪ್ರಸ್ತಾವವನ್ನು ಮುಂದಿಡಬಹುದು. ಹುಬ್ಬಳ್ಳಿಯಲ್ಲಿ ನಿಮ್ಮ ಕಂಪನಿಯ ಶಾಖೆಯಿದ್ದರೆ ಅಲ್ಲಿಗೆ ಹಾಜರಿ ಬದಲಿಸಿಕೊಡಿ ಎಂದು ಕೇಳಬಹುದು. ನಿಮಗದು ಸುಮಾರು ನೂರು ಕಿಲೋಮೀಟರ್ ದೂರ. ಒಪ್ಪಿದರೆ ಆ ಒಪ್ಪಿಗೆಯನ್ನು, ಎಷ್ಟು ತಿಂಗಳಿಗೆ ಎಂಬುದನ್ನೂ ಸೇರಿಸಿ, ಎಚ್‌ಆರ್ ಕಡೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ಒಪ್ಪದಿದ್ದರೆ, ಕೆಲಸದಲ್ಲಿದ್ದುಕೊಂಡೇ ಬೇರೆ ಕಡೆ ಹುಡುಕಿ. ಭಾರತವೂ ಸೇರಿದಂತೆ 27 ದೇಶಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡುವ ಅವಕಾಶಕ್ಕೆ ನೌಕರರು ಸರಾಸರಿ ಸಂಬಳದ ಶೇ 5ರಷ್ಟು ಬೆಲೆ ಕಟ್ಟಿದ್ದರು. ನಿಮ್ಮ ವಿಷಯದಲ್ಲಿ ಆ ಬೆಲೆ ಇನ್ನೂ ಹೆಚ್ಚಿರಬಹುದು. ಆ ಲೆಕ್ಕವನ್ನು ಮನೆಯವರೊಂದಿಗೆ ಕೂತು ಮಾಡಿ, ಎಷ್ಟು ಕಡಿಮೆ ಸಂಬಳಕ್ಕೆ ಒಪ್ಪಬಲ್ಲಿರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಸಂದರ್ಶನಕ್ಕೆ ಹೋಗಿ. ಹೊಸ ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳದ ಮುಂದೆ ಏನು ಬರೆದಿದ್ದಾರೆ ಎಂಬುದನ್ನು ಸಂಬಳಕ್ಕಿಂತ ಮೊದಲು ಓದಿ.

ಪ್ರಶ್ನೆ: ಹೆರಿಗೆ ರಜೆ ಮುಗಿಯುತ್ತಿದೆ. ಮಗುವಿಗೆ ಆರು ತಿಂಗಳು. ಇನ್ನೊಂದು ವರ್ಷ ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಿದ್ದೇನೆ. ಕಾನೂನಿನಲ್ಲಿ ಇದು ನನ್ನ ಹಕ್ಕು ಎಂದು ಗೆಳತಿ ಹೇಳುತ್ತಾಳೆ, ಹಾಗಲ್ಲ ಎಂದು ಎಚ್‌ಆರ್ ಹೇಳುತ್ತದೆ. ಇತ್ತ ಅತ್ತೆಯವರು, ‘ಹೇಗೂ ಮನೆಯಲ್ಲೇ ಇರುತ್ತೀಯಲ್ಲ, ಮಗುವನ್ನು ನೋಡಿಕೊಳ್ಳಲು ಬೇರೆಯವರು ಯಾಕೆ’ ಎನ್ನುತ್ತಿದ್ದಾರೆ.
– ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಈ ವಿಷಯದಲ್ಲಿ ಎಚ್‌ಆರ್ ಹೇಳುವುದೇ ಸರಿ, ಆದರೆ ಗೆಳತಿಯ ಮಾತಿಗೂ ಆಧಾರವಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ವೇತನಸಹಿತ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿದ್ದರ ಜೊತೆಗೆ, ಕೆಲಸದ ಸ್ವರೂಪ ಅದಕ್ಕೆ ಹೊಂದುವಂತಿದ್ದರೆ ರಜೆಯ ನಂತರವೂ ಮನೆಯಿಂದ ಕೆಲಸ ಮಾಡಲು ಮಾಲೀಕರು ಅವಕಾಶ ಕೊಡಬಹುದೆಂದು, ಅವಧಿ ಮತ್ತು ಷರತ್ತುಗಳನ್ನು ಇಬ್ಬರೂ ಸೇರಿ ನಿರ್ಧರಿಸಿಕೊಳ್ಳಬೇಕೆಂದು ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಮಾತಿದೆ. ‘ಕೊಡಬಹುದು’ ಎಂದಿರುವುದರಿಂದ ಹಠ ಹಿಡಿದು ಪಡೆಯುವಂತಿಲ್ಲ. ಆದರೆ ಕೋರಿಕೆಯ ಪತ್ರದಲ್ಲಿ ಕಾನೂನೇ ಇಂತಹ ಒಪ್ಪಂದವನ್ನು ನಿರೀಕ್ಷಿಸಿದೆ ಎಂದು ಧೈರ್ಯವಾಗಿ ಬರೆಯಬಹುದು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರದ ಹೊಣೆ ಕಡ್ಡಾಯ. ಅದರ ಬಗ್ಗೆಯೂ ವಿಚಾರಿಸಿ. ಅನೇಕ ತಾಯಂದಿರು ಇದನ್ನು ಕೇಳುವುದೇ ಇಲ್ಲ.

ನಿಮ್ಮ ಅತ್ತೆಯವರ ಮಾತು ಬಹಳ ಮನೆಗಳಲ್ಲಿ ಕೇಳಿಬರುವ ಮಾತು, ಮತ್ತು ಅದರಲ್ಲಿ ದುರುದ್ದೇಶ ಇರಬೇಕೆಂದೇನಿಲ್ಲ. ಬಾಗಿಲು ತೆರೆದಿರುವ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತವಳು ಬಿಡುವಾಗಿದ್ದಾಳೆ ಎಂದೇ ನೋಡುವವರಿಗೆ ತೋರುತ್ತದೆ. ನೀವು ಕಾಲ್‌ನಲ್ಲಿ ಮಾತನಾಡುತ್ತಿರುವಾಗ ಕುಕ್ಕರ್ ಮೂರನೆಯ ಸೀಟಿ ಹೊಡೆಯುತ್ತದೆ, ಗ್ಯಾಸ್ ಸಿಲಿಂಡರ್‌ನವರು ಬೆಲ್ ಒತ್ತುತ್ತಾರೆ, ಮಗು ಎದ್ದು ಅಳುತ್ತದೆ. ಮ್ಯೂಟ್ ಮಾಡಿ ಓಡಿ, ಮರಳಿ ಬಂದಾಗ ನಿಮ್ಮ ಹೆಸರು ಹಿಡಿದು ಯಾರೋ ಎರಡು ಸಲ ಕೇಳಿಯಾಗಿರುತ್ತದೆ. ಆ ಹೊತ್ತಿನಲ್ಲಿ ಕೆಲಸದ ಕಡೆಗೂ ಮಗುವಿನ ಕಡೆಗೂ ನೀವು ಪೂರ್ತಿ ಇರಲಾಗುವುದಿಲ್ಲ. ಏಷ್ಯಾದ ದೊಡ್ಡ ಐಟಿ ಸೇವಾ ಕಂಪನಿಯೊಂದರ 10,000ಕ್ಕೂ ಹೆಚ್ಚು ನೌಕರರ ದುಡಿಮೆಯ ದಾಖಲೆಗಳನ್ನು, ಕೋವಿಡ್‌ಗೆ ಮುಂಚಿನ ಮತ್ತು ನಂತರದ ತಿಂಗಳುಗಳನ್ನು ಹೋಲಿಸಿ, ಮೂವರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದ್ದರು. ಮನೆಯಿಂದ ಕೆಲಸ ಆರಂಭವಾದ ಮೇಲೆ ದುಡಿಯುವ ಗಂಟೆಗಳು ಏರಿದವು, ಆದರೆ ಗಂಟೆಯೊಂದಕ್ಕೆ ಆಗುವ ಕೆಲಸ ಇಳಿಯಿತು. ಮನೆಯಲ್ಲಿ ಮಕ್ಕಳಿರುವವರಲ್ಲಿ ಎರಡೂ ಇನ್ನಷ್ಟು ಹೆಚ್ಚಾಗಿ ಕಂಡವು: ಅವರು ಇತರರಿಗಿಂತ ಹೆಚ್ಚು ಹೊತ್ತು ದುಡಿದರು, ಆದರೂ ಹಿಂದೆ ಬಿದ್ದರು. ಮಗು ಮಲಗಿದ ಮೇಲೆ ರಾತ್ರಿ ಲ್ಯಾಪ್‌ಟಾಪ್ ತೆರೆಯುವ ತಾಯಂದಿರಿಗೆ ಈ ಫಲಿತಾಂಶ ಅಚ್ಚರಿಯೆನಿಸದು.

ಆದ್ದರಿಂದ ಮನೆಯಿಂದ ಕೆಲಸ ಸಿಕ್ಕಿತೆಂದು ಮಗುವನ್ನು ನೋಡಿಕೊಳ್ಳುವವರ ಏರ್ಪಾಡನ್ನು ದಯವಿಟ್ಟು ಕೈಬಿಡಬೇಡಿ. ಸಂಚಾರದಲ್ಲಿ ಕಳೆಯುತ್ತಿದ್ದ ಸಮಯ ಉಳಿಯುತ್ತದೆ, ನಡುನಡುವೆ ಎದೆಹಾಲು ಕೊಡಬಹುದು, ಜ್ವರ ಬಂದರೆ ಪಕ್ಕದಲ್ಲೇ ಇರಬಹುದು. ಮನೆಯಿಂದ ಕೆಲಸ ಮಾಡುವ ತಾಯಿ ಆಸೆಪಡಬಹುದಾದ ಸಂತೋಷ ಇದು, ಇದು ಸಣ್ಣದೇನಲ್ಲ. ದಿನದ ಎಂಟು ಗಂಟೆ ಮಗುವಿನ ಹೊಣೆ ಯಾರದು ಎಂಬುದನ್ನು ಪತಿಯೂ ಅತ್ತೆಯವರೂ ಕೂತಿರುವಾಗಲೇ ಮಾತನಾಡಿ ನಿರ್ಧರಿಸಿ. ಆ ಮಾತನ್ನು ಆರಂಭಿಸುವ ಕೆಲಸ ನಿಮ್ಮ ಪತಿಯದ್ದಾಗಲಿ ಎಂಬುದು ನನ್ನ ಆಗ್ರಹ.

ಪ್ರಶ್ನೆ: ಮೈಸೂರಿನಲ್ಲಿರುವ ನಾನು ಹನ್ನೆರಡು ಜನರ ಟೀಮ್ ನಡೆಸುತ್ತೇನೆ. ಎಲ್ಲರೂ ಬೇರೆ ಬೇರೆ ಊರುಗಳಲ್ಲಿದ್ದಾರೆ. ಹಳಬರ ಬಗ್ಗೆ ದೂರಿಲ್ಲ. ಈ ವರ್ಷ ಕಾಲೇಜು ಮುಗಿಸಿ ಸೇರಿದ ಇಬ್ಬರು ನಿಧಾನವಾಗಿದ್ದಾರೆ, ಏನನ್ನೂ ಕೇಳುವುದಿಲ್ಲ, ಕ್ಯಾಮೆರಾ ಆರಿಸಿ ಸುಮ್ಮನಿರುತ್ತಾರೆ. ಮೌಸ್ ಮತ್ತು ಕೀಬೋರ್ಡ್ ಚಲನೆಯನ್ನು ಗಮನಿಸುವ ಸಾಫ್ಟ್‌ವೇರ್ ಹಾಕಿಸಲು ಮೇಲಿನವರು ಹೇಳುತ್ತಿದ್ದಾರೆ. ಇಡೀ ದಿನ ಕ್ಯಾಮೆರಾ ಕಡ್ಡಾಯ ಮಾಡುವ ಯೋಚನೆಯೂ ಇದೆ. ತಮ್ಮ ಸಲಹೆ ಏನು?
– ಓದುಗರು, ಮೈಸೂರು

ಉತ್ತರ: ಎರಡನ್ನೂ ಮಾಡಬೇಡಿ. ಕಾರಣಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೇ ಅದರ ಉತ್ತರವಿದೆ.

ಮನೆಯಿಂದ ಕೆಲಸ ಮಾಡಿದರೆ ಹೆಚ್ಚು ಕೆಲಸವಾಗುತ್ತದೆಯೋ ಕಡಿಮೆಯೋ ಎಂಬ ವಾದದಲ್ಲಿ ಎರಡೂ ಕಡೆಯವರು ಅಧ್ಯಯನಗಳನ್ನು ಎತ್ತಿ ತೋರಿಸುತ್ತಾರೆ. ಶಾಂಘೈಯ ಸಿ-ಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010–11ರಲ್ಲಿ ಒಂಬತ್ತು ತಿಂಗಳು ನಡೆಸಿದ ಪ್ರಯೋಗದಲ್ಲಿ, ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ನಮ್ಮ ನೆರೆಯ ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಹೊಸದಾಗಿ ತೆಗೆದುಕೊಂಡವರನ್ನು ಚೀಟಿ ಎತ್ತಿದ ರೀತಿಯಲ್ಲಿ ಮನೆಗೆ ಕೆಲವರು, ಕಚೇರಿಗೆ ಕೆಲವರು ಎಂದು ಹಂಚಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಮನೆಯಲ್ಲಿದ್ದವರ ಕೆಲಸ ಶೇ 18ರಷ್ಟು ಕಡಿಮೆಯಾಗಿತ್ತು. ಒಂದು ಮೇಲೆ, ಒಂದು ಕೆಳಗೆ. ಇವುಗಳಲ್ಲಿ ಒಂದು ಸುಳ್ಳಿರಬೇಕೆಂದು ತೋರಬಹುದು, ಆದರೆ ಯಾರನ್ನು ಮನೆಗೆ ಕಳುಹಿಸಿದರು ಎಂಬುದನ್ನು ನೋಡಿದರೆ ಎರಡೂ ಅರ್ಥವಾಗುತ್ತವೆ. ಶಾಂಘೈಯಲ್ಲಿ ಕನಿಷ್ಠ ಆರು ತಿಂಗಳು ಕಚೇರಿಯಲ್ಲಿ ದುಡಿದು ಕೆಲಸ ಕಲಿತವರು, ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದವರು, ಬ್ರಾಡ್‌ಬ್ಯಾಂಡ್ ಇದ್ದವರು, ತಾವಾಗಿಯೇ ಬಯಸಿ ಮುಂದೆ ಬಂದವರು. ಚೆನ್ನೈನಲ್ಲಿ ಆ ಕೆಲಸಕ್ಕೆ ಹೊಸಬರು. ಅಲ್ಲಿ ಕೊರತೆಯ ಮೂರನೆಯ ಎರಡು ಪಾಲು ಮೊದಲ ದಿನವೇ ಕಂಡಿತ್ತು. ಉಳಿದದ್ದು, ಕಚೇರಿಯಲ್ಲಿದ್ದವರು ದಿನ ಕಳೆದಂತೆ ಬೇಗ ಕಲಿತುಕೊಂಡದ್ದರಿಂದ ಉಂಟಾದ ಅಂತರ. ಆ ಅಧ್ಯಯನದ ಇನ್ನೊಂದು ಫಲಿತಾಂಶ ನನ್ನನ್ನು ಬಹಳ ದಿನ ಕಾಡಿತು. ಮನೆಯಿಂದ ಕೆಲಸ ಬೇಕೆಂದು ಬಯಸಿದವರೇ ಮನೆಯಲ್ಲಿ ಶೇ 27ರಷ್ಟು ಹಿಂದೆ ಬಿದ್ದರು. ಕಚೇರಿಯನ್ನು ಬಯಸಿದವರು ಮನೆಯಲ್ಲಿ ಹಿಂದೆ ಬಿದ್ದದ್ದು ಶೇ 13ರಷ್ಟು ಮಾತ್ರ. ಮಕ್ಕಳ ಆರೈಕೆ, ಮನೆಗೆಲಸಗಳ ಒತ್ತಡ ಯಾರಿಗೆ ಹೆಚ್ಚೋ ಅವರೇ ಮನೆಯಿಂದ ಕೆಲಸವನ್ನು ಹೆಚ್ಚು ಬಯಸುತ್ತಾರೆ, ಅದೇ ಒತ್ತಡ ಅವರ ಕೆಲಸವನ್ನೂ ತಡೆಯುತ್ತದೆ. ತೃಪ್ತಿಯೂ ಕೆಲಸದ ವೇಗವೂ ಜೊತೆಜೊತೆಗೇ ಹೋಗುತ್ತವೆ ಎಂದು ಭಾವಿಸಿರುವ ನಾವೆಲ್ಲ ಇದನ್ನು ಗಮನಿಸಬೇಕು.

ನಿಮ್ಮ ಹಳಬರು ಶಾಂಘೈಯವರಂತೆ, ನಿಮ್ಮ ಹೊಸಬರು ಚೆನ್ನೈಯವರಂತೆ. ಕಾಲೇಜಿನಿಂದ ಬಂದ ಹುಡುಗನಿಗೆ ಏನನ್ನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಕಚೇರಿಯಲ್ಲಾದರೆ ಪಕ್ಕದವರ ಪರದೆಯತ್ತ ಕಣ್ಣು ಹಾಯಿಸಿ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ, ‘ಇದು ಯಾಕೋ ಬಿಲ್ಡ್ ಆಗುತ್ತಿಲ್ಲ’ ಎಂದು ಯಾರಿಗಾದರೂ ಹೇಳಿಬಿಡುತ್ತಾನೆ. ಚಾಟ್‌ನಲ್ಲಿ ಅದೇ ಪ್ರಶ್ನೆಯನ್ನು ಟೈಪ್ ಮಾಡಿ, ದಡ್ಡನೆಂದುಕೊಂಡಾರು ಎಂದು ಅಳಿಸಿ, ಮತ್ತೆ ಟೈಪ್ ಮಾಡಿ, ಕೊನೆಗೆ ಕಳುಹಿಸದೆ ಬಿಡುತ್ತಾನೆ. ಮೌಸ್ ಅಲುಗಾಟದ ಲೆಕ್ಕದಲ್ಲಿ ಆ ಅರ್ಧ ಗಂಟೆ ದುಡಿಮೆಯೆಂದೇ ದಾಖಲಾಗುತ್ತದೆ. ಆ ಸಾಫ್ಟ್‌ವೇರ್ ನಿಮಗೆ ತಿಳಿಯಬೇಕಾದದ್ದನ್ನು ತಿಳಿಸುವುದಿಲ್ಲ. ದೂರಿಲ್ಲದ ಹತ್ತು ಮಂದಿ ಹಳಬರಿಗೆ ಮಾತ್ರ ತಮ್ಮ ಮೇಲೆ ನಂಬಿಕೆಯಿಲ್ಲ ಎಂಬುದನ್ನು ಬಹಳ ಚೆನ್ನಾಗಿ ತಿಳಿಸುತ್ತದೆ.

ಇಬ್ಬರನ್ನೂ ಮೊದಲ ಆರು ತಿಂಗಳು ಮೈಸೂರಿಗೆ ಕರೆಸಿಕೊಳ್ಳಲು ಸಾಧ್ಯವಿದ್ದರೆ ಅದೇ ಉತ್ತಮ, ಆದರೆ ಆ ಅವಧಿಯಲ್ಲಿ ನೀವೂ ಕಚೇರಿಯಲ್ಲಿರಬೇಕು. ಹೊಸಬರು ಖಾಲಿ ಕುರ್ಚಿಗಳ ನಡುವೆ ಕೂತು ಮತ್ತೆ ವಿಡಿಯೊ ಕಾಲ್‌ಗೇ ಹಾಜರಾಗುವುದಾದರೆ ಅವರಿಗೆ ಬಾಡಿಗೆಯ ಹೊರೆಯಷ್ಟೇ ಮಿಗುತ್ತದೆ. ಅದು ಆಗದಿದ್ದರೆ ಪ್ರತಿಯೊಬ್ಬರಿಗೂ ಒಬ್ಬ ಹಳಬರನ್ನು ಜೊತೆಮಾಡಿ, ದಿನಕ್ಕೆ ಒಂದು ಗಂಟೆ ಒಂದೇ ಪರದೆಯನ್ನು ಇಬ್ಬರೂ ನೋಡುತ್ತ ಕೆಲಸ ಮಾಡಲಿ. ಆ ಗಂಟೆಯನ್ನು ಹಳಬರ ಕೆಲಸದ ಲೆಕ್ಕದಲ್ಲೇ ಸೇರಿಸಿ, ಇಲ್ಲವಾದರೆ ಅವರಿಗೆ ಅದೊಂದು ಶಿಕ್ಷೆಯಾಗುತ್ತದೆ. ಕ್ಯಾಮೆರಾ ಕುರಿತು ಒಂದು ಎಚ್ಚರಿಕೆ. ಉದ್ಯೋಗಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ವಾಸದ ಮನೆಯನ್ನೂ ಉದ್ಯೋಗಸ್ಥಳದ ವ್ಯಾಖ್ಯೆಯಲ್ಲಿ ಸೇರಿಸಿದೆ. ಮಲಗುವ ಕೋಣೆಯ ಒಂದು ಮೂಲೆಯೇ ಕಚೇರಿಯಾಗಿರುವ ಹೆಣ್ಣುಮಗಳಿಗೆ ಇಡೀ ದಿನ ಕ್ಯಾಮೆರಾ ತೆರೆದಿಡು ಎನ್ನುವುದು ಎಂತಹ ಬಲವಂತವೆಂದು ಯೋಚಿಸಿ ನೋಡಿ.

ಪ್ರಶ್ನೆ: ಆಫೀಸಿಗೆ ಹೋಗುತ್ತಿದ್ದಾಗ ಸಂಜೆ ಏಳಕ್ಕೆ ಕೆಲಸ ಮುಗಿಯುತ್ತಿತ್ತು. ಮನೆಯಿಂದ ಮಾಡತೊಡಗಿದ ಮೇಲೆ ರಾತ್ರಿ ಹತ್ತೂವರೆಗೆ ಅಮೆರಿಕದ ಗ್ರಾಹಕರ ಕಾಲ್ ಸಾಮಾನ್ಯವಾಗಿದೆ. ಓವರ್‌ಟೈಮ್ ಕೇಳಬಹುದೇ?
– ಓದುಗರು, ಮಂಗಳೂರು

ಉತ್ತರ: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದುಡಿಮೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿ ದುಡಿಸಿದರೆ ಎರಡು ಪಟ್ಟು ದರದಲ್ಲಿ ವೇತನ ಕೊಡಬೇಕು. ಕೆಲಸವನ್ನು ಮನೆಯಿಂದ ಮಾಡಿದ ಮಾತ್ರಕ್ಕೆ ಈ ಮಿತಿ ಕರಗುವುದಿಲ್ಲ. ಆಡಳಿತದ ಸ್ಥಾನದಲ್ಲಿರುವವರಿಗೆ ಮಾತ್ರ ಇದು ಅನ್ವಯಿಸದು. ಅನೇಕ ಕಂಪನಿಗಳು ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದು ಸೇರಿಸಿ ಅದರ ಮರೆಯಲ್ಲಿ ನಿಲ್ಲುವುದುಂಟು, ಆದ್ದರಿಂದ ನಿಮ್ಮ ಹುದ್ದೆಯ ವಾಸ್ತವದ ಹೊಣೆಗಳನ್ನು ನೋಡಿಕೊಳ್ಳಿ. 2024ರಲ್ಲಿ ರಾಜ್ಯದಲ್ಲಿ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ಕೇಳಿಬಂದಾಗ ಐಟಿ ನೌಕರರ ಸಂಘ ಬಲವಾಗಿ ಪ್ರತಿಭಟಿಸಿದ್ದು ನಿಮಗೆ ನೆನಪಿರಬಹುದು. ಕೆಲಸದ ವೇಳೆ ಮುಗಿದ ಮೇಲೆ ಬರುವ ಕರೆಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ ಕಾನೂನಿನಲ್ಲಿ ಅಳವಡಿಸಿದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು 2018ರಲ್ಲಿ ಮಂಡಿಸಿದ ಇದೇ ಬಗೆಯ ಖಾಸಗಿ ಸದಸ್ಯರ ಮಸೂದೆ ಕಾಯ್ದೆಯಾಗಲಿಲ್ಲ.

ಮನೆಯಿಂದ ಕೆಲಸದಲ್ಲಿ ಉಳಿಯುವ ಸಂಚಾರದ ಸಮಯ ಭಾರತದಲ್ಲಿ ದಿನಕ್ಕೆ ಸರಾಸರಿ 99 ನಿಮಿಷವೆಂದು ಆಗಲೇ ಹೇಳಿದ 27 ದೇಶಗಳ ಸಮೀಕ್ಷೆಯಿಂದ ತಿಳಿದುಬಂದಿದೆ. ಎಲ್ಲ ದೇಶಗಳನ್ನೂ ಒಟ್ಟಾಗಿ ನೋಡಿದರೆ ಹಾಗೆ ಉಳಿದ ಸಮಯದಲ್ಲಿ ಸುಮಾರು ಶೇ 40 ಮತ್ತೆ ದುಡಿಮೆಗೇ ಹೋಗುತ್ತದೆ. ನಿಮ್ಮ ಮ್ಯಾನೇಜರ್ ಆ ಸಮಯ ಕಂಪನಿಗೆ ಸೇರಿದ್ದೆಂದು ಎಣಿಸಿದ್ದಾರೆ, ನೀವು ಮನೆಗೆ ಸೇರಿದ್ದೆಂದು ಎಣಿಸಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆಯೋ ಹತ್ತೂವರೆಯೋ ಆಗಿರುವುದರಿಂದ ಕಾಲ್ ಪೂರ್ತಿ ತಪ್ಪಿಸುವುದು ಕಷ್ಟ. ಆದರೆ ರಾತ್ರಿ ಕಾಲ್ ಇರುವ ದಿನ ಮಧ್ಯಾಹ್ನ ಹನ್ನೆರಡರ ನಂತರ ಲಾಗಿನ್ ಆಗುತ್ತೇನೆಂದು, ವಾರದಲ್ಲಿ ಎರಡಕ್ಕಿಂತ ಹೆಚ್ಚು ರಾತ್ರಿ ಬೇಡವೆಂದು, ಟೀಮಿನವರು ಸರದಿಯಂತೆ ಹಾಜರಾಗೋಣವೆಂದು ಕೇಳುವುದರಲ್ಲಿ ತಪ್ಪೇನಿಲ್ಲ. ಓವರ್‌ಟೈಮ್‌ಗೆ ಹಟ ಹಿಡಿಯುವ ಮುನ್ನ ಇದನ್ನು ಕೇಳಿ. ಒಪ್ಪದಿದ್ದರೆ ಕಂಪನಿಯ ಕುಂದುಕೊರತೆ ಸಮಿತಿಗೆ ಬರೆಯಿರಿ. ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶ ಕಾಯ್ದೆಯಿಂದ ವಿನಾಯಿತಿ ಕೊಡುವಾಗ ರಾಜ್ಯ ಸರ್ಕಾರ ವಿಧಿಸಿದ ಷರತ್ತುಗಳಲ್ಲಿ ಅಂತಹ ಸಮಿತಿ ಇರಬೇಕೆಂಬುದೂ ಒಂದಾಗಿತ್ತು. ಲಾಗಿನ್ ಆದ ಹೊತ್ತು, ಕಾಲ್ ಮುಗಿದ ಹೊತ್ತು ಎರಡನ್ನೂ ಇಂದಿನಿಂದಲೇ ಬರೆದಿಡಿ.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತೇಳು ವರ್ಷ. ಒಳ್ಳೆಯ ಸಂಬಳವಿದೆ. ಬೆಳಿಗ್ಗೆ ಕೋಣೆಗೆ ಹೋದರೆ ಊಟಕ್ಕೆ ಮಾತ್ರ ಹೊರಬರುತ್ತಾನೆ. ಗೆಳೆಯರಿಲ್ಲ, ನೆಂಟರ ಮನೆಗೂ ಬರುವುದಿಲ್ಲ. ಕೇಳಿದರೆ ‘ನನಗೆ ಇದೇ ಖುಷಿ, ಬೆಂಗಳೂರಿನ ರಗಳೆ ಬೇಡ’ ಎನ್ನುತ್ತಾನೆ. ಅವನು ನಿಜಕ್ಕೂ ಸಂತೋಷವಾಗಿದ್ದಾನೆಯೇ ಎಂಬ ಚಿಂತೆ ನನಗೆ.
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಹಿರಿಯರೇ, ಮಗ ಸುಳ್ಳು ಹೇಳುತ್ತಿಲ್ಲ, ನಿಮ್ಮ ಚಿಂತೆಯೂ ಸುಳ್ಳಲ್ಲ. ಮೇಲೆ ಹೇಳಿದ ಶಾಂಘೈ ಪ್ರಯೋಗದಲ್ಲಿ ಮನೆಯಿಂದ ದುಡಿದವರು ಹೆಚ್ಚು ತೃಪ್ತರಾಗಿದ್ದರು, ಹೆಚ್ಚು ಕೆಲಸವನ್ನೂ ಮಾಡಿದ್ದರು. ಹೀಗಿದ್ದೂ ಒಂಬತ್ತು ತಿಂಗಳ ಕೊನೆಗೆ ನಿಮಗೆ ಯಾವುದು ಬೇಕೋ ಆರಿಸಿಕೊಳ್ಳಿ ಎಂದಾಗ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಚೇರಿಗೆ ಮರಳಿದರು, ಮತ್ತು ಅದಕ್ಕೆ ಅವರು ಹೇಳಿದ ಮುಖ್ಯ ಕಾರಣ ಒಂಟಿತನ. ಸಂಚಾರದ ಕಿರಿಕಿರಿ ತಪ್ಪಿದ ನೆಮ್ಮದಿ ಮೊದಲ ವಾರವೇ ಅನುಭವಕ್ಕೆ ಬರುತ್ತದೆ. ಒಂಟಿತನ ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಸೇರುತ್ತದೆ, ಒಳಗಿರುವವನಿಗೆ ಅದು ಬೇಗ ಗೊತ್ತಾಗುವುದಿಲ್ಲ. ಹೊರಗಿನಿಂದ ನೋಡುವ ತಂದೆಗೆ ಮೊದಲು ಕಾಣುವುದು ಸಹಜವೇ.

ಅವನನ್ನು ಬೆಂಗಳೂರಿಗೆ ಕಳುಹಿಸಲು ಒತ್ತಾಯಿಸಬೇಡಿ. ಬೆಳಿಗ್ಗೆ ಒಂದು ಹೊತ್ತು ಮನೆಯಿಂದ ಹೊರಗೆ, ಊರಿನಲ್ಲಿ ಬಾಡಿಗೆಗೆ ಸಿಗುವ ಮೇಜಿನ ಮುಂದೆ, ಬೇರೆಯವರೂ ದುಡಿಯುತ್ತಿರುವ ಜಾಗದಲ್ಲಿ ಕೂತು ಕೆಲಸ ಮಾಡಿ ನೋಡು ಎನ್ನಿ. ಕೆಲಸಕ್ಕೆ ಸಂಬಂಧವಿಲ್ಲದ, ವಾರವಾರವೂ ಅದೇ ಜನ ಸೇರುವ ಯಾವುದಾದರೊಂದು ಕೂಟ, ಆಟವೋ ಸಂಗೀತವೋ, ಅವನಿಗೆ ಇರಲಿ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ಯೋಚನೆಯನ್ನು ಈ ಕಾರಣಕ್ಕಾಗಿ ದಯವಿಟ್ಟು ಮಾಡಬೇಡಿ. ನಿದ್ರೆ, ಊಟ ಏರುಪೇರಾಗಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಸಂಗತಿಗಳಲ್ಲಿ ಆಸಕ್ತಿಯೇ ಹೋಗಿದ್ದರೆ ವೈದ್ಯರನ್ನು ಕಾಣಬೇಕು. ‘ಟೆಲಿ ಮನಸ್’ ಎಂಬ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಪೋಷಕರೂ ಕರೆಮಾಡಬಹುದು.

ಪ್ರಶ್ನೆ: ಎರಡು ಅಪ್ರೈಸಲ್‌ಗಳಲ್ಲಿ ನನಗೆ ಬಡ್ತಿ ತಪ್ಪಿದೆ. ಕಚೇರಿಗೆ ಹೋಗುವ, ನನಗಿಂತ ಕಿರಿಯರಿಗೆ ಸಿಕ್ಕಿದೆ. ದೂರದಲ್ಲಿರುವವರನ್ನು ಮರೆಯುತ್ತಾರೆಯೇ?
– ಓದುಗರು, ತುಮಕೂರು

ಉತ್ತರ: ಪೂರ್ತಿ ಮನೆಯಲ್ಲೇ ಇದ್ದರೆ ಆ ಅಪಾಯ ಇದೆ. ಮೇಲೆ ಹೇಳಿದ ಶಾಂಘೈ ಪ್ರಯೋಗದಲ್ಲಿ ಒಂದೇ ಮಟ್ಟದ ಕೆಲಸ ತೋರಿಸಿದವರನ್ನು ಹೋಲಿಸಿದಾಗ ಮನೆಯಲ್ಲಿದ್ದವರಿಗೆ ಬಡ್ತಿಯ ಅವಕಾಶ ಕಡಿಮೆಯಾಗಿತ್ತು. ಅದೇ ಸಂಸ್ಥೆಯಲ್ಲಿ ದಶಕದ ನಂತರ 1,612 ನೌಕರರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಲ್ಲಿದ್ದವರಿಗೆ ಬಡ್ತಿಯಲ್ಲಾಗಲಿ ಮೌಲ್ಯಮಾಪನದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಡುವವರ ಪ್ರಮಾಣ ಮಾತ್ರ ಮೂರನೆಯ ಒಂದರಷ್ಟು ಇಳಿಯಿತು. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ದಿನವೂ ಹೋಗಿಬರುವವರು ಸಾವಿರಾರು ಮಂದಿ ಇದ್ದಾರೆ. ವಾರಕ್ಕೆ ಎರಡು ದಿನ ನಿಮಗೆ ಸಾಧ್ಯವಾದರೆ ಹೋಗಿ ಬನ್ನಿ, ಅದರಲ್ಲೂ ನಿಮ್ಮ ಮ್ಯಾನೇಜರ್ ಇರುವ ದಿನಗಳನ್ನೇ ಆರಿಸಿಕೊಳ್ಳಿ.

ಸಾಧ್ಯವಿಲ್ಲದಿದ್ದರೆ, ತಿಂಗಳ ಕೊನೆಗೆ ನೀವು ಮುಗಿಸಿದ್ದೇನು, ಅದರಿಂದ ಯಾರಿಗೆ ಏನು ಅನುಕೂಲವಾಯಿತು, ಯಾರಿಗೆ ನೆರವಾದಿರಿ ಎಂಬುದನ್ನು ಹತ್ತು ಸಾಲು ಮೀರದಂತೆ ಮೇಲ್ ಮಾಡಿ. ಮುಂದಿನ ಅಪ್ರೈಸಲ್‌ಗೆ ಆರು ತಿಂಗಳು ಇರುವಾಗಲೇ, ಬಡ್ತಿಗೆ ನನ್ನಿಂದ ಏನನ್ನು ನಿರೀಕ್ಷಿಸುತ್ತೀರಿ ಎಂದು ನೇರವಾಗಿ ಕೇಳಿ, ಅವರು ಹೇಳಿದ್ದನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಅವರಿಗೇ ಕಳುಹಿಸಿ. ಎರಡು ಬಾರಿ ತಪ್ಪಿದ್ದಕ್ಕೆ ಕಾರಣವನ್ನೂ ಕೇಳಿ. ಮನೆಯಿಂದ ಕೆಲಸ ಮಾಡುವುದೇ ಕಾರಣವೆಂದು ಯಾರೂ ಬರೆದುಕೊಡಲಾರರು, ಆಗ ಬೇರೆ ಕಾರಣವನ್ನು ಅವರು ಹೇಳಲೇಬೇಕಾಗುತ್ತದೆ.